ಶವಪರೀಕ್ಷೆಯ ಮೇಜಿನ ಬಳಿ ಇಬ್ಬರೂ ನಿಲ್ಲಲಿ

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಒಂದರ ಹಿಂದೆ ಒಂದು ಸತ್ತು ಬೀಳತೊಡಗಿದವು. ಸುತ್ತಲಿನ ಹಳ್ಳಿಗಳಲ್ಲಿ ಜನ ವಿಪರೀತ ಜ್ವರ, ತಲೆನೋವು, ಮೈಕೈ ನೋವಿನಿಂದ ಹಾಸಿಗೆ ಹಿಡಿದಿದ್ದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದಿಂದ ಬಂದ ತಂಡಕ್ಕೆ ಮೊದಲು ಕಾಡಿದ್ದು ಹಳದಿ ಜ್ವರದ ಭಯ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವು ಹಳದಿ ಜ್ವರದ ಮುನ್ಸೂಚನೆ ಎಂಬುದು ಅವರಿಗೆ ಗೊತ್ತಿತ್ತು. ಹಳದಿ ಜ್ವರ ಭಾರತಕ್ಕೆ ಕಾಲಿಟ್ಟಿದ್ದರೆ ಅದು ಏಷ್ಯಾ ಖಂಡಕ್ಕೇ ಆಪತ್ತು. ತಂಡದವರು ಸತ್ತ ಮಂಗಗಳ ಅಂಗಾಂಗಗಳನ್ನೂ ಜ್ವರ ಬಂದವರ ರಕ್ತವನ್ನೂ ಪರೀಕ್ಷಿಸಿದಾಗ ಸಿಕ್ಕಿದ್ದು ಹೊಸದೊಂದು ವೈರಸ್. ಅದು ಸೊಳ್ಳೆಯಿಂದಲ್ಲ, ಉಣುಗಿನಿಂದ ಹರಡುವಂಥದ್ದು. ರಷ್ಯಾದ ಕಾಡುಗಳಲ್ಲಿ ಮಿದುಳಿನ ಉರಿಯೂತ ತರುವ ವೈರಸ್ಸಿನ ದಾಯಾದಿ.

ಮಂಗನ ಕಾಯಿಲೆಯ ಈ ಮೊದಲ ಅಧ್ಯಾಯವನ್ನು ನೆನಪಿಸಲು ಕಾರಣವಿದೆ. ಅಂದು ಪ್ರಾಣಿಯ ಶವವನ್ನೂ ಮನುಷ್ಯನ ಜ್ವರವನ್ನೂ ಒಂದೇ ತಂಡ ಒಂದೇ ಪ್ರಶ್ನೆಯಾಗಿ ನೋಡಿತು. ಉತ್ತರ ಬೇಗ ಸಿಕ್ಕಿದ್ದು ಅದರಿಂದ. ಆಮೇಲಿನ ದಶಕಗಳಲ್ಲಿ ನಾವು ಆ ಪ್ರಶ್ನೆಯನ್ನು ಎರಡು ಇಲಾಖೆಗಳಿಗೆ, ಎರಡು ವಿಶ್ವವಿದ್ಯಾಲಯಗಳಿಗೆ, ಎರಡು ಪಠ್ಯಕ್ರಮಗಳಿಗೆ ಹಂಚಿಬಿಟ್ಟೆವು. ಎಂಬಿಬಿಎಸ್ ಓದುವವರು ಮನುಷ್ಯನ ರೋಗಶಾಸ್ತ್ರ ಕಲಿಯುತ್ತಾರೆ, ಪಶುವೈದ್ಯಕೀಯ ಓದುವವರು ಪ್ರಾಣಿಗಳದ್ದನ್ನು ಕಲಿಯುತ್ತಾರೆ. ಇಬ್ಬರೂ ಓದು ಮುಗಿಸಿ ಒಂದೇ ಹೋಬಳಿಗೆ ಕೆಲಸಕ್ಕೆ ಹೋಗುತ್ತಾರೆ. ಒಬ್ಬರು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಇನ್ನೊಬ್ಬರು ಪಶು ಚಿಕಿತ್ಸಾಲಯಕ್ಕೆ. ಕಾಯಿಲೆ ಮಾತ್ರ ಈ ಎರಡು ಕಟ್ಟಡಗಳ ನಡುವಿನ ಅಂತರವನ್ನು ಲೆಕ್ಕಿಸುವುದಿಲ್ಲ.

ಇಂದು ಮಲೆನಾಡಿನಲ್ಲಿ ಒಂದು ಮಂಗ ಸತ್ತರೆ ಏನಾಗುತ್ತದೆ ನೋಡಿ. ಊರಿನವರೋ ಅರಣ್ಯ ಸಿಬ್ಬಂದಿಯೋ ಸುದ್ದಿ ಮುಟ್ಟಿಸುತ್ತಾರೆ. ಪಶುವೈದ್ಯರು ಸ್ಥಳಕ್ಕೆ ಹೋಗಿ ಶವಪರೀಕ್ಷೆ ಮಾಡಿ ಅಂಗಾಂಗಗಳ ಮಾದರಿ ತೆಗೆಯುತ್ತಾರೆ. ಮಾದರಿ ಪ್ರಯೋಗಾಲಯಕ್ಕೆ ಹೋಗುತ್ತದೆ, ಶವವನ್ನು ಸುಡುತ್ತಾರೆ, ಸುತ್ತಲಿನ ನೆಲಕ್ಕೆ ಮೆಲಾಥಿಯಾನ್ ಪುಡಿ ಎರಚುತ್ತಾರೆ. ವರದಿ ಬಂದ ಮೇಲೆ ಆರೋಗ್ಯ ಇಲಾಖೆ ಆ ಊರಿನಲ್ಲಿ ಜ್ವರದ ಸಮೀಕ್ಷೆ ನಡೆಸುತ್ತದೆ, ಕಾಡಿಗೆ ಹೋಗುವವರಿಗೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಕೊಡುತ್ತದೆ. ಕಾಗದದ ಮೇಲೆ ಇದು ಸರಿಯಾದ ಸರಪಳಿ. ಆದರೆ ಒಂದೊಂದು ಕೊಂಡಿಯಲ್ಲೂ ಒಬ್ಬರ ತಿಳಿವಳಿಕೆ ಇನ್ನೊಬ್ಬರಿಗೆ ದಾಟಬೇಕು. ಅಲ್ಲಿಯೇ ನಮ್ಮ ಶಿಕ್ಷಣ ಕೈಕೊಡುತ್ತದೆ.

ಒಂದು ಉದಾಹರಣೆ ಸಾಕು. ಕಾಡಿನಲ್ಲಿ ಸಿಗುವ ಮಂಗದ ಶವ ಎಷ್ಟೋ ಸಲ ಕೊಳೆತಿರುತ್ತದೆ. ಬೇಸಿಗೆಯ ಬಿಸಿಲಿನಲ್ಲಿ ವೈರಸ್ಸಿನ ಕುರುಹು ಬೇಗ ನಾಶವಾಗುತ್ತದೆ. ಅಂಥ ಶವದ ಮಾದರಿಗೆ ‘ನೆಗೆಟಿವ್’ ಎಂಬ ವರದಿ ಬಂದರೆ ಆ ಜಾಗ ಸುರಕ್ಷಿತ ಎಂದು ಅರ್ಥವಲ್ಲ. ಪರೀಕ್ಷೆಗೆ ತಕ್ಕ ಮಾದರಿ ಸಿಗಲಿಲ್ಲ ಎಂದಷ್ಟೇ ಇರಬಹುದು. ಒಮ್ಮೆಯಾದರೂ ಪ್ರಾಣಿಯ ಶವಪರೀಕ್ಷೆಯ ಪಕ್ಕದಲ್ಲಿ ನಿಂತಿದ್ದ ವೈದ್ಯಾಧಿಕಾರಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ನಿಲ್ಲದಿದ್ದವರ ಪಾಲಿಗೆ ಆ ಒಂದು ಪದವೇ ಅಂತಿಮ ತೀರ್ಪು. ಇನ್ನೊಂದು ಕಡೆಯ ಕೊರತೆಯೂ ಇಷ್ಟೇ ಗಂಭೀರ. ಜ್ವರ ಶುರುವಾದ ಮೊದಲ ದಿನಗಳಲ್ಲಿ ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಉಪಯುಕ್ತ, ದಿನ ಕಳೆದಂತೆ ಪ್ರತಿಕಾಯ ಹುಡುಕುವ ಪರೀಕ್ಷೆ ಬೇಕು ಎಂಬ ಲೆಕ್ಕ ಪಶುವೈದ್ಯರಿಗೂ ತಿಳಿದಿರಬೇಕು. ಹಳ್ಳಿಯ ಕೊಟ್ಟಿಗೆಯಲ್ಲಿ ನಿಂತು ‘ನಮ್ಮ ಮನೆಯಲ್ಲಿ ನಾಲ್ಕು ದಿನದಿಂದ ಜ್ವರ, ಕಣ್ಣು ಕೆಂಪಾಗಿದೆ’ ಎಂಬ ಮಾತನ್ನು ಅನೇಕ ಸಲ ಮೊದಲು ಕೇಳಿಸಿಕೊಳ್ಳುವವರು ಅವರೇ.

ಮಂಗ ಸತ್ತ ಮೇಲೆಯೇ ಅಪಾಯ ಹೆಚ್ಚು. ದೇಹ ತಣ್ಣಗಾಗುತ್ತಿದ್ದಂತೆ ಅದರ ಮೈಮೇಲಿನ ಉಣುಗುಗಳು ಕೆಳಗಿಳಿದು ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಸೋಂಕು ಹೊತ್ತ ಮರಿ ಉಣುಗು ಮುಂದಿನ ಹಂತಕ್ಕೆ ಬೆಳೆದಾಗಲೂ ವೈರಸ್ ಅದರೊಳಗೆ ಉಳಿದಿರುತ್ತದೆ. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದಾದ ಆ ಹಂತದ ಉಣುಗು ಕಚ್ಚಿದಾಗಲೇ ಮನುಷ್ಯರಿಗೆ ಹೆಚ್ಚಾಗಿ ಕಾಯಿಲೆ ಬರುವುದು. ಅಡಿಕೆ ತೋಟಕ್ಕೆ, ಕೊಟ್ಟಿಗೆಗೆ ದರಗು, ಅಂದರೆ ಒಣಗಿ ಉದುರಿದ ಎಲೆ, ಗುಡಿಸಿ ತರುವ ಕಾಲವೂ ಈ ಉಣುಗುಗಳು ಹೆಚ್ಚಾಗುವ ಕಾಲವೂ ಒಂದೇ. ಸುಮಾರಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ. ಇದರಲ್ಲಿ ದನಗಳ ಪಾತ್ರ ಬೇರೆ ಬಗೆಯದು. ದನಗಳ ರಕ್ತದಲ್ಲಿ ಈ ವೈರಸ್ ಹೇಳಿಕೊಳ್ಳುವಷ್ಟು ಬೆಳೆಯುವುದಿಲ್ಲ, ಆದರೆ ಬೆಳೆದ ಉಣುಗುಗಳಿಗೆ ಅವು ಹೇರಳ ಆಹಾರ. ಕಾಡಂಚಿನಲ್ಲಿ ದನ ಮೇಯಿಸಿದಷ್ಟೂ ಉಣುಗಿನ ಸಂತತಿ ಹೆಚ್ಚುತ್ತದೆ. ಮಂಗ, ಉಣುಗು, ದನ, ದರಗು, ಜ್ವರ ಎಲ್ಲವನ್ನೂ ಕೂಡಿಸಿ ನೋಡಿದಾಗ ಮಾತ್ರ ಈ ಕಾಯಿಲೆ ಅರ್ಥವಾಗುತ್ತದೆ. ನಮ್ಮ ವಿದ್ಯಾರ್ಥಿಗಳಿಗೆ ಅದು ಎರಡು ಪುಸ್ತಕಗಳಲ್ಲಿ ತುಂಡುತುಂಡಾಗಿ ಸಿಗುತ್ತದೆ.

ವೈದ್ಯಕೀಯ ಪಠ್ಯದಲ್ಲಿ ಪ್ರಾಣಿಜನ್ಯ ರೋಗಗಳು ಇಲ್ಲವೇ ಇಲ್ಲ ಎಂದರೆ ಅನ್ಯಾಯವಾಗುತ್ತದೆ. ಸೂಕ್ಷ್ಮಜೀವಿಶಾಸ್ತ್ರದಲ್ಲಿದೆ, ಸಮುದಾಯ ವೈದ್ಯಶಾಸ್ತ್ರದಲ್ಲೂ ಇದೆ. ರೋಗಾಣುವಿನ ಹೆಸರು, ಅದನ್ನು ಹೊತ್ತು ತರುವ ಕೀಟ, ಲಕ್ಷಣ, ಪರೀಕ್ಷೆ, ಔಷಧ ಎಲ್ಲವನ್ನೂ ಅವರು ಓದುತ್ತಾರೆ. 2019ರಲ್ಲಿ ಸಾಮರ್ಥ್ಯ ಆಧಾರಿತ ಪಠ್ಯಕ್ರಮ ಬಂದಾಗ ವಿಭಾಗಗಳ ನಡುವೆ ಬೋಧನೆಯನ್ನು ಜೋಡಿಸಬೇಕು ಎಂಬ ಮಾತಿಗೆ ಬಹಳ ಒತ್ತು ಬಿತ್ತು. ಆದರೆ ಆ ಜೋಡಣೆ ವೈದ್ಯಕೀಯ ಕಾಲೇಜಿನ ಗೇಟಿನೊಳಗೇ ನಿಂತುಹೋಗಿದೆ. ಪಶುವೈದ್ಯಕೀಯ ಪದವಿಯಲ್ಲಿ ಸಾರ್ವಜನಿಕ ಆರೋಗ್ಯ ಮತ್ತು ಸಾಂಕ್ರಾಮಿಕ ರೋಗಶಾಸ್ತ್ರವೇ ಒಂದು ಪ್ರತ್ಯೇಕ ವಿಷಯ. ರೋಗಶಾಸ್ತ್ರದಲ್ಲಿ ಸತ್ತ ಪ್ರಾಣಿಯನ್ನು ತಾವೇ ಕೊಯ್ದು ನೋಡಿ ಕಲಿಯುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ವಿಷಯದಲ್ಲಿ ಪಶುವೈದ್ಯ ವಿದ್ಯಾರ್ಥಿಗಳ ತಯಾರಿ ವೈದ್ಯಕೀಯ ವಿದ್ಯಾರ್ಥಿಗಳಿಗಿಂತ ಗಟ್ಟಿ. ಅವರಿಗೆ ಸಿಗದಿರುವುದು ರೋಗಿಯ ಹಾಸಿಗೆಯ ಪಕ್ಕ ನಿಲ್ಲುವ ಅವಕಾಶ.

ಹೈಡಾಟಿಡ್ ಗುಳ್ಳೆಯನ್ನು ತೆಗೆದುಕೊಳ್ಳಿ. ಬಹುತೇಕ ವೈದ್ಯಕೀಯ ಕಾಲೇಜುಗಳ ರೋಗಶಾಸ್ತ್ರ ಸಂಗ್ರಹಾಲಯದಲ್ಲಿ ಗಾಜಿನ ಜಾಡಿಯಲ್ಲಿ ಮನುಷ್ಯನ ಯಕೃತ್ತಿನ ತುಂಡೊಂದು, ಅದರೊಳಗೆ ಬಿಳಿ ಪೊರೆಯ ಗುಳ್ಳೆ ಕಾಣುತ್ತದೆ. ವಿದ್ಯಾರ್ಥಿಗಳು ಅದರ ಚಿತ್ರ ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಗುರುತಿಸುತ್ತಾರೆ. ಅದೇ ಗುಳ್ಳೆ ಪಶುವೈದ್ಯಕೀಯ ಕಾಲೇಜಿನ ಜಾಡಿಯಲ್ಲೂ ಇದೆ, ಕುರಿಯ ಶ್ವಾಸಕೋಶದಲ್ಲಿ. ಮೂಲದಲ್ಲಿ ಇದು ನಾಯಿಯ ಕರುಳಿನಲ್ಲಿರುವ, ಕೆಲವೇ ಮಿಲಿಮೀಟರ್ ಉದ್ದದ ಲಾಡಿಹುಳು. ನಾಯಿಯ ಮಲದೊಂದಿಗೆ ಹೊರಬಿದ್ದ ಮೊಟ್ಟೆ ಹುಲ್ಲಿನ ಮೂಲಕ ಕುರಿಯ ಹೊಟ್ಟೆ ಸೇರಿ, ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ಗುಳ್ಳೆಯಾಗುತ್ತದೆ. ಕುರಿ ಕಡಿದವರು ಗುಳ್ಳೆ ತುಂಬಿದ ಅಂಗವನ್ನು ನಾಯಿಗೆ ಎಸೆದರೆ ಚಕ್ರ ಪೂರ್ತಿಯಾಯಿತು. ಅದೇ ಮೊಟ್ಟೆ ನಾಯಿ ಮುಟ್ಟಿದ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಮನುಷ್ಯನ ಹೊಟ್ಟೆ ಸೇರಿದರೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಒಂದು ದಿನ ಸ್ಕ್ಯಾನಿಂಗ್‌ನಲ್ಲಿ ಕಾಣಿಸುತ್ತದೆ. ಶಸ್ತ್ರಚಿಕಿತ್ಸಕರು ಅದನ್ನು ಒಡೆಯದಂತೆ ತೆಗೆಯಬೇಕು. ಒಳಗಿನ ದ್ರವ ಚೆಲ್ಲಿದರೆ ಪ್ರಾಣಕ್ಕೇ ಸಂಚಕಾರ ತರುವ ಅಲರ್ಜಿ ಉಂಟಾಗಬಹುದು.

ಅಷ್ಟು ನಾಜೂಕಿನ ಶಸ್ತ್ರಚಿಕಿತ್ಸೆ ಮಾಡಿದ ತಂಡದಲ್ಲಿ ಎಷ್ಟು ಮಂದಿ ರೋಗಿಯ ಮನೆಯ ನಾಯಿಗೆ ಹುಳುವಿನ ಔಷಧ ಕೊಡಿಸಿ ಎಂದು ಹೇಳುತ್ತಾರೆ? ಊರಿನ ಕಸಾಯಿಖಾನೆಯಲ್ಲಿ ತಿರಸ್ಕರಿಸಿದ ಅಂಗಗಳು ಎಲ್ಲಿಗೆ ಹೋಗುತ್ತವೆ ಎಂದು ಕೇಳುತ್ತಾರೆ? ಎರಡನೇ ವರ್ಷದ ಎಂಬಿಬಿಎಸ್ ವಿದ್ಯಾರ್ಥಿಗಳನ್ನು ಒಂದು ಬೆಳಿಗ್ಗೆ ಪಶುವೈದ್ಯ ವಿದ್ಯಾರ್ಥಿಗಳ ಜೊತೆ ಕಸಾಯಿಖಾನೆಯ ಮಾಂಸ ತಪಾಸಣೆಗೆ ಕಳಿಸಿದರೆ, ಜಾಡಿಯಲ್ಲಿ ಕಂಡ ಗುಳ್ಳೆಗೆ ಹಿಂದುಮುಂದು ಸಿಗುತ್ತದೆ. ಹೊಸ ಕಟ್ಟಡ, ಹೊಸ ಯಂತ್ರ ಯಾವುದೂ ಇದಕ್ಕೆ ಬೇಕಿಲ್ಲ.

ಪ್ರಾಣಿಯ ರೋಗಶಾಸ್ತ್ರ ಕಲಿಸುವ ಇನ್ನೊಂದು ದೊಡ್ಡ ಪಾಠ ಯಾವಾಗ ಕೊಯ್ಯಬಾರದು ಎಂಬುದು. ನೆರಡಿ ರೋಗದಿಂದ, ಅಂದರೆ ಆಂಥ್ರಾಕ್ಸ್‌ನಿಂದ, ಸತ್ತ ದನದ ಮೂಗು, ಬಾಯಿ, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರುತ್ತದೆ, ಹೊಟ್ಟೆ ಬೇಗ ಉಬ್ಬುತ್ತದೆ, ದೇಹ ಸರಿಯಾಗಿ ಸೆಟೆದುಕೊಳ್ಳುವುದಿಲ್ಲ. ಈ ಗುರುತು ಕಂಡರೆ ಕತ್ತಿ ಮುಟ್ಟಬಾರದು. ದೇಹ ತೆರೆದು ಗಾಳಿ ತಾಗಿದರೆ ರೋಗಾಣು ಬೀಜಕಣಗಳಾಗಿ ಮಾರ್ಪಟ್ಟು ದಶಕಗಳವರೆಗೆ ಮಣ್ಣಿನಲ್ಲಿ ಉಳಿಯುತ್ತದೆ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಸಾಕು. ಪಶುವೈದ್ಯ ವಿದ್ಯಾರ್ಥಿಗಳಿಗೆ ಇದು ಬಾಯಿಪಾಠ. ಸತ್ತ ಕುರಿಯ ಚರ್ಮ ಸುಲಿದವನ ಕೈಮೇಲೆ ನೋವಿಲ್ಲದ, ಮಧ್ಯೆ ಕಪ್ಪಾದ ಹುಣ್ಣು ಎದ್ದಾಗ ಅದನ್ನು ಸಾಮಾನ್ಯ ಕುರು ಎಂದುಕೊಳ್ಳದೆ ‘ನಿಮ್ಮಲ್ಲಿ ಕುರಿ ಸತ್ತಿತ್ತೇ’ ಎಂದು ಕೇಳುವುದು ವೈದ್ಯಕೀಯ ವಿದ್ಯಾರ್ಥಿಗೂ ಹಾಗೆಯೇ ನಾಲಿಗೆ ತುದಿಯಲ್ಲಿರಬೇಕು.

ಬೆಂಗಳೂರಿನಲ್ಲೇ ಒಂದು ದೊಡ್ಡ ಅವಕಾಶವಿದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಪ್ರಾಣಿಗಳ ರೇಬಿಸ್ ಪತ್ತೆಗೆ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಪ್ರಯೋಗಾಲಯವಿದೆ. ಹೊಸೂರು ರಸ್ತೆಯ ನಿಮ್ಹಾನ್ಸ್‌ನಲ್ಲಿ ಮನುಷ್ಯರ ರೇಬಿಸ್ ಕುರಿತು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗ ಕೇಂದ್ರವಿದೆ. ನಾಯಿಯ ಮಿದುಳು ಒಂದು ಕಡೆ, ಮನುಷ್ಯನ ಮಿದುಳು ಇನ್ನೊಂದು ಕಡೆ, ನಡುವೆ ನಗರದ ಟ್ರಾಫಿಕ್. ಈ ಎರಡು ಕಡೆಯ ತಜ್ಞರು ಪರಸ್ಪರ ಗೊತ್ತಿರುವವರೇ. ನನ್ನ ಪ್ರಶ್ನೆ ವಿದ್ಯಾರ್ಥಿಗಳದ್ದು. ರೇಬಿಸ್ ಎಂದರೆ ನೀರು ಕಂಡರೆ ಹೆದರುವುದು ಎಂದಷ್ಟೇ ಕಲಿತ ವೈದ್ಯರಿಗೆ ಪಾರ್ಶ್ವವಾಯು ರೂಪದ ರೇಬಿಸ್ ಗುಲಿಯನ್ ಬಾರೆ ಎಂಬ ನರರೋಗದಂತೆ ಕಾಣುತ್ತದೆ. ಅದೇ ಹೊತ್ತಿಗೆ ಕಚ್ಚಿದ ನಾಯಿಯ ಮಿದುಳು ಪರೀಕ್ಷೆಯಾಗಿ ಸೋಂಕು ಖಚಿತವಾಗಿದ್ದರೆ ಗೊಂದಲಕ್ಕೆ ಎಡೆಯೇ ಇಲ್ಲ. ಅದಕ್ಕಿಂತ ಮುಖ್ಯವಾಗಿ, ಆ ನಾಯಿ ಕಚ್ಚಿದ ಉಳಿದವರನ್ನು ಹುಡುಕಿ ಲಸಿಕೆ ಕೊಡಬಹುದು. ತಲೆಬುರುಡೆ ಒಡೆಯದೆಯೇ ಹಿಂಭಾಗದ ರಂಧ್ರದ ಮೂಲಕ ಒಂದು ಕೊಳವೆ ತೂರಿಸಿ ಮಿದುಳಿನ ಮಾದರಿ ತೆಗೆಯುವ ಸರಳ ವಿಧಾನವೂ ಇದೆ. ಹಳ್ಳಿಯಲ್ಲೂ ನಾಯಿಯ ಪರೀಕ್ಷೆ ಸಾಧ್ಯ ಎಂಬುದೇ ಗೊತ್ತಿಲ್ಲದಿದ್ದರೆ ವೈದ್ಯರು ಅದನ್ನು ಕೇಳುವುದಾದರೂ ಹೇಗೆ?

ಪ್ರಾಣಿಯ ರೋಗಶಾಸ್ತ್ರದ ಮಾತನ್ನು ಮನುಷ್ಯರ ಆರೋಗ್ಯ ವ್ಯವಸ್ಥೆ ಕೇಳಿಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ 1999ರ ನ್ಯೂಯಾರ್ಕ್ ಸಾಕ್ಷಿ. ಆ ಬೇಸಿಗೆಯಲ್ಲಿ ನಗರದ ಕಾಗೆಗಳು ಸಾಯುತ್ತಿದ್ದವು. ಆಗಸ್ಟ್‌ನಲ್ಲಿ ಕ್ವೀನ್ಸ್ ಪ್ರದೇಶದ ಆಸ್ಪತ್ರೆಯೊಂದಕ್ಕೆ ಮಿದುಳಿನ ಉರಿಯೂತದ ರೋಗಿಗಳು ಬಂದರು. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಇದು ಸೇಂಟ್ ಲೂಯಿಸ್ ಮಿದುಳು ಜ್ವರ ಎಂದು ಘೋಷಿಸಿತು. ಬ್ರಾಂಕ್ಸ್ ಮೃಗಾಲಯದ ಪಶುರೋಗಶಾಸ್ತ್ರಜ್ಞೆ ಟ್ರೇಸಿ ಮೆಕ್‌ನಮಾರಾ ಅವರಿಗೆ ಇದು ಒಪ್ಪಿಗೆಯಾಗಲಿಲ್ಲ. ಅವರ ಮೃಗಾಲಯದ ಫ್ಲೆಮಿಂಗೋಗಳು ಸತ್ತಿದ್ದವು, ಹಕ್ಕಿಗಳ ಮಿದುಳಿನಲ್ಲಿ ಉರಿಯೂತ, ರಕ್ತಸ್ರಾವ ಕಂಡಿತ್ತು. ಸೇಂಟ್ ಲೂಯಿಸ್ ವೈರಸ್ ಸಾಮಾನ್ಯವಾಗಿ ಹಕ್ಕಿಗಳನ್ನು ಕೊಲ್ಲುವುದಿಲ್ಲ. ಕುದುರೆಗಳ ಮಿದುಳು ಜ್ವರದ ವೈರಸ್ ಇರಬಹುದೇ ಎಂದರೆ, ಅದಕ್ಕೆ ಸುಲಭವಾಗಿ ಬಲಿಯಾಗುವ ಎಮು ಹಕ್ಕಿಗಳು ಆರೋಗ್ಯವಾಗಿ ಓಡಾಡುತ್ತಿದ್ದವು. ಹಾಗಾದರೆ ಇದು ಬೇರೆಯೇ ಏನೋ. ಅವರ ಮಾತಿಗೆ ಮೊದಲಿಗೆ ಕಿವಿಗೊಟ್ಟವರಿಲ್ಲ. ಕೊನೆಗೆ ಪಶುರೋಗ ಪ್ರಯೋಗಾಲಯಕ್ಕೂ ಸೇನೆಯ ಪ್ರಯೋಗಾಲಯಕ್ಕೂ ಮಾದರಿ ಕಳಿಸಿದ ಮೇಲೆ ಹೊರಬಂದ ಹೆಸರು ವೆಸ್ಟ್ ನೈಲ್. ಅಮೆರಿಕ ಖಂಡದಲ್ಲಿ ಅದುವರೆಗೆ ಕಾಣಿಸದ ವೈರಸ್. ಆ ವರ್ಷ 62 ಮಂದಿ ತೀವ್ರ ಕಾಯಿಲೆ ಬಿದ್ದು, 7 ಮಂದಿ ತೀರಿಕೊಂಡರು. ಎಮು ಸತ್ತಿಲ್ಲ ಎಂಬುದೂ ಒಂದು ಸಾಕ್ಷ್ಯ ಎಂದು ತರ್ಕಿಸಬಲ್ಲ ಮನಸ್ಸು ಶವಪರೀಕ್ಷೆಯ ಕೋಣೆಯಲ್ಲಿ ವರ್ಷಗಟ್ಟಲೆ ಕಳೆದದ್ದರ ಫಲ. ಆ ತರ್ಕವನ್ನು ಗೌರವದಿಂದ ಕೇಳುವುದನ್ನಾದರೂ ವೈದ್ಯರಾಗುವವರು ಕಾಲೇಜಿನಲ್ಲೇ ಕಲಿಯಬೇಕು.

ದನಗಳಿಂದ ಮನುಷ್ಯರಿಗೆ ದಾಟುವ ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾ ಬಗ್ಗೆ ಒಂದೆರಡು ಮಾತು. ಹಸು ಗಬ್ಬದ ಕೊನೆಯ ತಿಂಗಳುಗಳಲ್ಲಿ ಕಂದು ಹಾಕುತ್ತದೆ, ಮಾಸು ಬೀಳುವುದಿಲ್ಲ, ಮನೆಯವರು ಬರಿಗೈಯಿಂದ ತೆಗೆಯುತ್ತಾರೆ. ಕೆಲವು ವಾರಗಳ ನಂತರ ಅದೇ ಮನೆಯವರಿಗೆ ಬಂದುಹೋಗುವ ಜ್ವರ, ಬೆವರು, ಸೊಂಟನೋವು. ಟೈಫಾಯ್ಡ್ ಪತ್ತೆಯ ವಿಡಾಲ್ ಪರೀಕ್ಷೆ, ಮಲೇರಿಯಾ ಪರೀಕ್ಷೆ, ಕ್ಷಯದ ಪರೀಕ್ಷೆ ಎಲ್ಲವೂ ನಡೆಯುತ್ತದೆ. ಹಸುವಿನ ವಿಷಯ ಯಾರೂ ಕೇಳುವುದಿಲ್ಲ. ಸರಿಯಾಗಿ ಗುರುತಿಸಿದರೆ ವಾರಗಟ್ಟಲೆ ಕೊಡುವ ಎರಡು ಔಷಧಗಳಿಂದ ಗುಣವಾಗುವ ಕಾಯಿಲೆ ಇದು.

ಕರ್ನಾಟಕದ ನಕ್ಷೆಯನ್ನು ಒಮ್ಮೆ ನೋಡಿ. ಶಿವಮೊಗ್ಗ, ಹಾಸನ, ಬೀದರ್, ಗದಗ: ಈ ನಾಲ್ಕೂ ಊರುಗಳಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜೂ ಇದೆ, ಪಶುವೈದ್ಯಕೀಯ ಕಾಲೇಜೂ ಇದೆ. ಶಿವಮೊಗ್ಗದಲ್ಲಂತೂ ವಿಡಿಎಲ್ ಎಂದೇ ಜನ ಕರೆಯುವ ಮಂಗನ ಕಾಯಿಲೆಯ ಪ್ರಯೋಗಾಲಯವೂ ಇದೆ. ದೇಶದಲ್ಲಿ ಇಂಥ ಅನುಕೂಲ ಇರುವ ರಾಜ್ಯಗಳು ಹೆಚ್ಚಿರಲಾರವು. ತಿಂಗಳಿಗೊಮ್ಮೆ ಎರಡೂ ಕಾಲೇಜಿನ ಅಂತಿಮ ವರ್ಷದವರು ಒಂದೇ ಕೋಣೆಯಲ್ಲಿ ಕುಳಿತು ಒಂದು ಪ್ರಕರಣ ಚರ್ಚಿಸಲಿ: ಒಬ್ಬರು ಪ್ರಾಣಿಯ ಅಂಗಾಂಗದ ಸ್ಲೈಡ್ ತರಲಿ, ಇನ್ನೊಬ್ಬರು ರೋಗಿಯ ಚಾರ್ಟ್ ತರಲಿ. ಇದು ಹೊಸ ಕಲ್ಪನೆಯೇನೂ ಅಲ್ಲ. ಆಧುನಿಕ ವೈದ್ಯ ಶಿಕ್ಷಣದ ದೊಡ್ಡ ಹೆಸರಾದ ವಿಲಿಯಂ ಓಸ್ಲರ್ 19ನೇ ಶತಮಾನದಲ್ಲೇ ಮಾಂಟ್ರಿಯಲ್‌ನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೂ ಪಶುವೈದ್ಯ ವಿದ್ಯಾರ್ಥಿಗಳಿಗೂ ಪಾಠ ಹೇಳಿದವರು. ಮಂಗನ ಕಾಯಿಲೆಗೆ ಮನುಷ್ಯರಿಗೆ ದಶಕಗಳ ಕಾಲ ಕೊಟ್ಟ ಲಸಿಕೆ ತಯಾರಾದದ್ದು ಹೆಬ್ಬಾಳದ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ. ಆ ಲಸಿಕೆಯ ಪರಿಣಾಮ ಕುಗ್ಗಿ ಬಳಕೆ ನಿಂತಿದೆ, ಹೊಸದರ ಕೆಲಸ ನಡೆದಿದೆ. ಮೈಗೆ ಚುಚ್ಚಿಸಿಕೊಂಡ ಲಸಿಕೆ ಪಶು ಸಂಸ್ಥೆಯಿಂದ ಬಂದದ್ದನ್ನು ಒಪ್ಪಿದ ನಾವು ಪಾಠ ಅಲ್ಲಿಂದ ಬರುವುದಕ್ಕೆ ಏಕೆ ಹಿಂಜರಿಯಬೇಕು?

ವೈದ್ಯಕೀಯ ಶಿಕ್ಷಕರ ಆಕ್ಷೇಪ ನನಗೆ ಅರ್ಥವಾಗುತ್ತದೆ. ಎಂಬಿಬಿಎಸ್ ಪಠ್ಯ ಈಗಾಗಲೇ ತುಂಬಿ ತುಳುಕುತ್ತಿದೆ. ಹೃದಯಾಘಾತ, ಮಧುಮೇಹ, ಹೆರಿಗೆ ಕಲಿಸುವುದಕ್ಕೇ ಸಮಯ ಸಾಲುತ್ತಿಲ್ಲ. ಅದಕ್ಕೇ ಹೊಸ ವಿಷಯ ಸೇರಿಸಿ ಎಂದು ನಾನು ಕೇಳುತ್ತಿಲ್ಲ. ಇರುವ ಗಂಟೆಗಳಲ್ಲೇ ಸ್ಥಳ ಬದಲಿಸಿ ಎನ್ನುತ್ತಿದ್ದೇನೆ. ವೈದ್ಯಕೀಯ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಓದು ಮುಗಿಯುವವರೆಗೆ ಭೇಟಿ ಕೊಡಬೇಕೆಂಬ ನಿಯಮ ಈಗಾಗಲೇ ಇದೆ. ಆ ಮನೆಗಳಲ್ಲಿ ಅನೇಕ ಕಡೆ ಕೊಟ್ಟಿಗೆಯೂ ಇರುತ್ತದೆ. ರಕ್ತದೊತ್ತಡ ಅಳೆದು ಬರುವ ವಿದ್ಯಾರ್ಥಿಯ ಜೊತೆ ಪಶುವೈದ್ಯ ವಿದ್ಯಾರ್ಥಿಯೊಬ್ಬ ಹೋಗಿ ದನದ ಮೈಮೇಲಿನ ಉಣುಗು ನೋಡಲಿ, ನಾಯಿಗೆ ಲಸಿಕೆ ಆಗಿದೆಯೇ ವಿಚಾರಿಸಲಿ. ಇಬ್ಬರ ದಾಖಲೆ ಪುಸ್ತಕದಲ್ಲೂ ಒಂದೇ ಮನೆಯ ಚಿತ್ರ ಮೂಡುತ್ತದೆ.

ಜೊತೆಗೆ ಕಲಿಸಲು ಹೊರಡುವ ಮೊದಲು ಸುರಕ್ಷತೆಯ ಏರ್ಪಾಡು ಆಗಲೇಬೇಕು, ಇದರಲ್ಲಿ ರಾಜಿ ಬೇಡ. 2012ರಲ್ಲಿ ಬಂಡೀಪುರದಲ್ಲಿ ಮಂಗಗಳು ಸತ್ತಾಗ ಶವಗಳನ್ನು ನಿರ್ವಹಿಸಿದವರಿಗೇ ಸೋಂಕು ತಗುಲಿತ್ತು. ಈ ವೈರಸ್ಸಿನ ಜೊತೆ ಕೆಲಸ ಮಾಡಿದ ಪ್ರಯೋಗಾಲಯಗಳ ಸಿಬ್ಬಂದಿಗೂ ಅದು ಹಿಂದೆ ಅಂಟಿದ ಇತಿಹಾಸವಿದೆ. ಆದ್ದರಿಂದ ಅನುಮಾನವಿರುವ ಮಂಗದ ಶವದ ಮುಂದೆ ವಿದ್ಯಾರ್ಥಿಗಳನ್ನು ಗುಂಪುಗಟ್ಟಿ ನಿಲ್ಲಿಸುವುದು ಬೇಡವೇ ಬೇಡ. ಅಂಥ ಪ್ರಕರಣಗಳನ್ನು ವಿಡಿಯೊ, ಸಂರಕ್ಷಿತ ಅಂಗ, ಸ್ಲೈಡುಗಳ ಮೂಲಕ ಕಲಿಸಬಹುದು. ಕೈಯಾರೆ ಕೊಯ್ಯುವುದನ್ನು ಅಪಾಯ ಕಡಿಮೆ ಇರುವ ಪ್ರಾಣಿಗಳಲ್ಲಿ ಕಲಿಯಬಹುದು. ನಾಯಿಗಳ ಜೊತೆ ಕೆಲಸ ಮಾಡುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಮುಂಚಿತವಾಗಿ ರೇಬಿಸ್ ಲಸಿಕೆ ಆಗಿರಬೇಕು, ಕಾಲೇಜಿನ ಖರ್ಚಿನಲ್ಲಿ.

ಮನುಷ್ಯರ ಮತ್ತು ಪ್ರಾಣಿಗಳ ಆರೋಗ್ಯವನ್ನು ಒಟ್ಟಿಗೆ ನೋಡುವ ಏಕ ಆರೋಗ್ಯ (ಒನ್ ಹೆಲ್ತ್) ಎಂಬ ಹೆಸರಿನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಯೋಜನೆ ರೂಪಿಸಿದೆ. ನಾಗಪುರದಲ್ಲಿ ರಾಷ್ಟ್ರೀಯ ಸಂಸ್ಥೆಗೆ 2022ರ ಡಿಸೆಂಬರಿನಲ್ಲಿ ಶಂಕುಸ್ಥಾಪನೆ ಆಯಿತು. ಕೇರಳದ ಪಶುವೈದ್ಯಕೀಯ ವಿಶ್ವವಿದ್ಯಾಲಯ ವಯನಾಡಿನ ಪೂಕೋಡಿನಲ್ಲಿ ಇದಕ್ಕೆಂದೇ ಕೇಂದ್ರವೊಂದನ್ನು ತೆರೆದಿದೆ. ಮಂಗನ ಕಾಯಿಲೆ ನಮ್ಮಿಂದ ಗಡಿ ದಾಟಿ ವಯನಾಡಿಗೂ ಹೋಗಿದೆ ಎಂಬುದನ್ನು ನೆನೆದರೆ ಅದರ ಅಗತ್ಯ ತಿಳಿಯುತ್ತದೆ. ಇವೆಲ್ಲ ಬೇಕು. ಆದರೆ ಸಂಶೋಧನಾ ಸಂಸ್ಥೆಗೆ ಹೋಗುವವರು ಕೆಲವೇ ಮಂದಿ. ಸಾಗರದ, ತೀರ್ಥಹಳ್ಳಿಯ, ಸಿದ್ದಾಪುರದ ಆರೋಗ್ಯ ಕೇಂದ್ರದಲ್ಲಿ ಕೂರುವವರು ಪದವಿ ಕಾಲೇಜಿನಿಂದ ನೇರವಾಗಿ ಬರುವವರು. ಅವರ ಓದಿನಲ್ಲಿ ಬದಲಾವಣೆ ತರಬೇಕಾದವರು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮತ್ತು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ. ಮೊದಲ ಹೆಜ್ಜೆಗೆ ಎರಡೂ ಕಡೆಯ ಕುಲಪತಿಗಳು ಸಹಿ ಹಾಕಿದ ಒಂದು ಒಪ್ಪಂದ ಸಾಕು.

ಅಂಕವಿಲ್ಲದ ಪಾಠವನ್ನು ವಿದ್ಯಾರ್ಥಿಗಳು ಓದುವುದಿಲ್ಲ ಎಂಬುದು ಎಲ್ಲ ಶಿಕ್ಷಕರಿಗೂ ಗೊತ್ತಿರುವ ಸತ್ಯ. ಆದ್ದರಿಂದ ಒಪ್ಪಂದದಲ್ಲಿ ಪರೀಕ್ಷೆಯ ಮಾತೂ ಇರಲಿ. ಎರಡೂ ವಿಶ್ವವಿದ್ಯಾಲಯಗಳ ಪ್ರಶ್ನೆಪತ್ರಿಕೆಯಲ್ಲಿ ಒಂದು ಪ್ರಶ್ನೆ ಒಂದೇ ಆಗಿರಲಿ: ಜನವರಿ ತಿಂಗಳು, ಕಾಡಂಚಿನ ಹಳ್ಳಿ, ಎರಡು ದಿನ ಹಳೆಯದಾದ ಮಂಗದ ಶವ, ಮಾದರಿಯ ವರದಿ ನೆಗೆಟಿವ್, ದರಗು ತಂದ ಮಹಿಳೆಗೆ ಮೂರು ದಿನದಿಂದ ಜ್ವರ. ಮುಂದೆ ನೀವು ಏನು ಮಾಡುತ್ತೀರಿ, ಯಾರಿಗೆ ಫೋನ್ ಮಾಡುತ್ತೀರಿ? ಉತ್ತರ ಪತ್ರಿಕೆಗಳನ್ನು ಎರಡೂ ಕಾಲೇಜುಗಳ ಅಧ್ಯಾಪಕರು ಒಟ್ಟಿಗೆ ಕುಳಿತು ತಿದ್ದಲಿ.